ಗಾಯಗೊಂಡ ಕಾಡುಪ್ರಾಣಿಗೆ ‘ಪುನರ್ವಸತಿ’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಗಂಗಾವತಿ, ಕಂಪ್ಲಿ ಕಡೆಯ ಕೆಲವು ಹುಡುಗ ಹುಡುಗಿಯರಿಗೆ ಗಾಯಗೊಂಡ, ತಾಯಿ ತಪ್ಪಿದ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ತರಬೇತಿ ಇದೆ. ಅದರ ಕೈಪಿಡಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ. ‘ರಿಹ್ಯಾಬಿಲಿಟೇಶನ್’ಗೆ ಏನನ್ನೋಣ?

ಪೇಪರಿನವರು ‘ಪುನರ್ವಸತಿ’ ಅಂತ ಬರೆಯುತ್ತಾರೆ. ಆದರೆ ನಮ್ಮ ಕಡೆ ಈ ಮಾತು ಕೇಳಿದ ಕೂಡಲೇ ನೆನಪಾಗುವುದೇ ಬೇರೆ. ತುಂಗಭದ್ರಾ ಡ್ಯಾಮಿನಲ್ಲಿ ಊರು ಮುಳುಗಿದವರ ಪುನರ್ವಸತಿ, ಮಾಜಿ ದೇವದಾಸಿಯರ ಪುನರ್ವಸತಿ ಯೋಜನೆ. ಅಂದರೆ ಜಾಗ, ಮನೆ, ಸಾಲ, ಅರ್ಜಿ. ಪ್ರಾಣಿಗೂ ಎಲ್ಲೋ ಒಂದು ನೆಲೆ ಮಾಡಿಕೊಡುತ್ತಾರೆ ಅಂದುಕೊಂಡರೆ ತಪ್ಪೇನಿಲ್ಲ. ಇಲ್ಲಿ ಆಗಬೇಕಾದದ್ದು ಅದರ ಉಲ್ಟಾ. ಪ್ರಾಣಿ ವಾಸಿಯಾಗಬೇಕು, ತನ್ನ ಕೂಳು ತಾನೇ ಹುಡುಕಬೇಕು, ಆಮೇಲೆ ನಮ್ಮ ಕಣ್ಣಿಗೂ ಬೀಳಬಾರದು.

ಬನ್ನೇರುಘಟ್ಟದಲ್ಲಿ, ಕರಡಿ ಕುಣಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಂದರರಿಂದ ಬಿಡಿಸಿ ತಂದ ಕರಡಿಗಳಿವೆ. ಮೂಗು ಚುಚ್ಚಿ ಹಗ್ಗ ಹಾಕಿ, ಹಲ್ಲು ಮುರಿದು ಕುಣಿಸಿದವು. ಕಾಡಿಗೆ ಬಿಟ್ಟರೆ ಬದುಕುವುದು ಕಷ್ಟ, ಹಾಗಾಗಿ ಕೊನೆಯವರೆಗೂ ಅಲ್ಲೇ ಇರುತ್ತವೆ. ಅಲ್ಲಿ ಪುನರ್ವಸತಿ ಸರಿ. ಬೇರೆ ದುಡಿಮೆ ಹಿಡಿದ ಕಲಂದರ ಕುಟುಂಬಗಳಿಗೂ ಸರಿ. ದರೋಜಿ ಗುಡ್ಡದಲ್ಲಿ ತಾಯಿ ತಪ್ಪಿದ ಕರಡಿ ಮರಿಗೂ ಅದೇ ಪದ ಹಾಕಿದರೆ ಎರಡೂ ಕಲಸಿಹೋಗುತ್ತವೆ ಅಲ್ವಾ?

‘ಸಾಕುವುದು’ ಅಂತ ಮಾತ್ರ ಬರೆಯಲಾರೆ. ಆ ಪದದಿಂದಲೇ ತೊಂದರೆ ಶುರು. ಹೊಲದಲ್ಲಿ ಮೊಲದ ಮರಿ ಒಂಟಿಯಾಗಿ ಕೂತಿರುತ್ತದೆ. ‘ಪಾಪ, ಪರದೇಶಿ’ ಅಂತ ಮನೆಗೆ ತಂದು ಆಕಳ ಹಾಲು ಕುಡಿಸುತ್ತಾರೆ. ಅದು ಪರದೇಶಿಯೇ ಅಲ್ಲ. ತಾಯಿ ಮೊಲ ಹಗಲೆಲ್ಲ ದೂರ ಇದ್ದು, ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. ಇತ್ತ ಆಕಳ ಹಾಲಿಗೆ ಮರಿ ಭೇದಿ ಹತ್ತಿ ಸಾಯುತ್ತದೆ. ತಣ್ಣಗಾದ ಮರಿಗೆ ಬಾಯಿಗೆ ಹಾಲು ಬಿಡುವುದಂತೂ ಬೇಡವೇ ಬೇಡ, ಮೊದಲು ಮೈ ಬೆಚ್ಚಗಾಗಬೇಕು. ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೆ ಹಳೇ ಹತ್ತಿ ಬಟ್ಟೆ, ಕತ್ತಲು, ಸದ್ದಿಲ್ಲದ ಮೂಲೆ, ಅರಣ್ಯ ಇಲಾಖೆಗೆ ಫೋನು. ಮೊದಲ ದಿನದ ಪಾಠ ಇಷ್ಟೇ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಂಥ ಪ್ರಾಣಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಅದಕ್ಕೇ ಕೈಪಿಡಿಯಲ್ಲಿ ಸದ್ಯಕ್ಕೆ ‘ಆರೈಕೆ ಮಾಡಿ ಮರಳಿ ಬಿಡುವುದು’ ಅಂತ ಬರೆದಿದ್ದೇನೆ. ಉದ್ದವಾಯಿತು, ಗೊತ್ತು. ಆದರೆ ಬಿಡುವುದು ಆ ಪದದೊಳಗೇ ಇರಲಿ ಅಂತ ಆಸೆ.

ಕೆಲಸ ಮಾಡುವವರ ಹೆಸರೂ ಬೇಕು. ಅಮೆರಿಕದಲ್ಲಿ ಇದಕ್ಕೆ ಲೈಸೆನ್ಸ್ ಬೇಕು, ಆ ಜನಕ್ಕೆ ‘ವೈಲ್ಡ್‌ಲೈಫ್ ರಿಹ್ಯಾಬಿಲಿಟೇಟರ್’ ಅಂತ ಒಂದು ಹೆಸರೂ ಇದೆ. ನಮ್ಮಲ್ಲಿ ‘ಪುನರ್ವಸತಿಗಾರ’ ಅಂದರೆ ಯಾರೋ ಕಂಟ್ರಾಕ್ಟರ್ ಅನ್ನಿಸುತ್ತದೆ. ‘ಆರೈಕೆದಾರರು’ ನಡೆಯಬಹುದೇನೋ.

ಇನ್ನೊಂದು ‘ಇಂಪ್ರಿಂಟಿಂಗ್’. ಕಣ್ಣುಬಿಟ್ಟ ಮರಿ ಮನುಷ್ಯರನ್ನೇ ತನ್ನವರು ಅಂದುಕೊಂಡುಬಿಡುವುದು. ಆಮೇಲೆ ಅದು ಊರು ಬಿಟ್ಟು ಹೋಗುವುದಿಲ್ಲ. ತೋಳದ ಮರಿ ಹಾಗೆ ದೊಡ್ಡದಾದರೆ ಕುರಿಹಟ್ಟಿಯವರು ಸುಮ್ನೆ ಬಿಡುತ್ತಾರಾ? ಹೆಸರಿಡಬೇಡಿ, ಮುದ್ದು ಮಾಡಬೇಡಿ, ಮರಿ ಹತ್ತಿರ ಮಾತಾಡಬೇಡಿ ಅಂತ ಹೇಳುವುದು ಅದಕ್ಕೇ. ‘ಅಚ್ಚೊತ್ತುವಿಕೆ’ ಅಂತ ಒಬ್ಬರು ಸೂಚಿಸಿದರು, ನನಗೆ ಪ್ರಿಂಟಿಂಗ್ ಪ್ರೆಸ್ ನೆನಪಾಯಿತು. ‘ಮನುಷ್ಯರ ರೂಢಿ ಹತ್ತುವುದು’ ಅಂದರೆ ಇಲ್ಲಿ ಯಾರಿಗಾದರೂ ತಿಳಿಯುತ್ತದೆ.

ಕುರಿಗಾರರು, ಮೀನುಗಾರರು ಬಳಸುವ ಮಾತುಗಳು ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ತಾಯಿ ಸತ್ತ ಕುರಿಮರಿಯನ್ನು ಬೇರೆ ಕುರಿಯ ಹಾಲಿಗೆ ಬಿಡುತ್ತಾರಲ್ಲ, ಅದಕ್ಕೆ ನಿಮ್ಮ ಹಟ್ಟಿಯಲ್ಲಿ ಏನಂತಾರೆ? ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ತುಂಗಭದ್ರಾ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಮೀಸಲು ಮಾಡಿದ್ದಾರೆ. ಆ ದಂಡೆಯವರು ಯಾರಾದರೂ ಇದ್ದರೆ, ನೀರುನಾಯಿ ಮರಿಗೆ ಬೇರೆ ಹೆಸರಿದೆಯಾ ಅಂತಲೂ ತಿಳಿಸಿ.