ಫ್ರಿಜ್ ತುಂಬಾ ಡಬ್ಬಿ, ಹಸಿ ಕಸದ ಬಕೆಟ್ ತುಂಬಾ ಊಟ. ಏನು ಮಾಡಲಿ?

ಸಾರಿನ_ಸೌಟು:
ಬೆಂಗಳೂರಿನಲ್ಲಿ ನಾವು ನಾಲ್ಕು ಜನ. ನಾನು, ನಮ್ಮವರು, ಅತ್ತೆ, ಏಳನೇ ಕ್ಲಾಸಿನ ಮಗಳು. ಹಸಿ ಕಸದ ಬಕೆಟ್ ಹೊರಗಿಡುವಾಗ ದಿನಾ ಹೊಟ್ಟೆ ಉರಿಯುತ್ತದೆ. ಹೋದ ವಾರ ಎಸೆದದ್ದನ್ನೆಲ್ಲ ಕ್ಯಾಲೆಂಡರ್ ಹಿಂದೆ ಬರೆದಿಟ್ಟೆ. ಲೋಳೆಯಾದ ಕೊತ್ತಂಬರಿ ಸೊಪ್ಪು ಎರಡು ಕಟ್ಟು. ಕಮಟು ಹಿಡಿದ ತೆಂಗಿನ ಹೋಳು ಮೂರು. ವಿಪರೀತ ಹುಳಿಯಾದ ದೋಸೆ ಹಿಟ್ಟು ಒಂದು ಪಾತ್ರೆ. ಹುಳು ಬಿದ್ದ ಉಪ್ಪಿಟ್ಟಿನ ರವೆ ಅರ್ಧ ಕೆಜಿ. ಆಮೇಲೆ ಹಿಂದಿನ ಮೂಲೆಯಲ್ಲಿ ಸಿಕ್ಕ ಒಂದು ಸ್ಟೀಲ್ ಡಬ್ಬಿ. ಒಳಗಿದ್ದದ್ದು ಪಲ್ಯವೋ ಗೊಜ್ಜೋ, ಬೂಷ್ಟಿನಲ್ಲಿ ಗೊತ್ತಾಗಲಿಲ್ಲ.

ಅಡುಗೆ ಜಾಸ್ತಿ ಮಾಡುತ್ತೇವೆ ಅಂತಲ್ಲ. ಏನಿದೆ ಅನ್ನುವುದೇ ಮರೆತುಹೋಗುತ್ತದೆ. ಡಬ್ಬಿಗಳೆಲ್ಲ ಅತ್ತೆಯ ಮದುವೆ ಕಾಲದವು, ಬದಲಾಯಿಸುವ ಮಾತೇ ಇಲ್ಲ. ಗಾಜಿನ ಸೆಟ್ಟು ಕೊಳ್ಳದೆ ಇದನ್ನು ಸರಿಮಾಡಬಹುದಾ?

ಮಲೆನಾಡಮ್ಮ:
ಕಾಯಿ ಒಡೆದರೆ ಮೂರು ಕಣ್ಣಿರುವ ಹೋಳು ಬೇಗ ಕೆಡುತ್ತದಮ್ಮ, ಅದನ್ನೇ ಮೊದಲು ತುರಿ. ಉಳಿದದ್ದನ್ನು ತುರಿದು ಫ್ರೀಜರ್‌ಗೆ ಹಾಕು. ಮೂರು ಹೋಳು ಕೆಟ್ಟಿವೆ ಅಂದರೆ ಪೂಜೆಗೆ ಒಡೆದದ್ದು ಒಂದರ ಹಿಂದೆ ಒಂದು ಸೇರಿರಬೇಕು, ಅಲ್ವಾ? ರವೆಯನ್ನು ತಂದ ದಿನವೇ ಹುರಿದು, ಪೂರ್ತಿ ಆರಿದ ಮೇಲೆ ತುಂಬು. ಬಿಸಿಯಲ್ಲೇ ಮುಚ್ಚಿದರೆ ಬೆವರುತ್ತದೆ. ಹಳೇ ರವೆ ಮೇಲೆ ಹೊಸದನ್ನು ಸುರಿಯಬೇಡ. ಅಡಿಯಲ್ಲಿದ್ದ ಹುಳಕ್ಕೆ ಹಬ್ಬ ಮಾಡಿದ ಹಾಗೆ.

ಮೆಸ್_ಸ್ಟೋರು:
ಹಾಸ್ಟೆಲ್ ಸ್ಟೋರ್ ನೋಡಿಕೊಂಡವನು ನಾನು. ಅಲ್ಲಿ ಹೊಸ ಮೂಟೆ ಹಿಂದೆ, ಹಳೇದು ಮುಂದೆ. ಫ್ರಿಜ್‌ಗೂ ಅದೇ. ಕಣ್ಣಿಗೆ ನೇರ ಕಾಣುವ ಶೆಲ್ಫನ್ನು ಮಿಕ್ಕಿದ ಅಡುಗೆಗೇ ಬಿಡಿ. ಒಂದೇ ಸಾಲು ಇಡಿ. ಹಿಂದೆ ಇನ್ನೊಂದು ಸಾಲು ಇಟ್ಟರೆ ಅದನ್ನು ಯಾರೂ ತೆಗೆಯುವುದಿಲ್ಲ. ಸ್ಟೀಲ್ ಡಬ್ಬಿಗೆ ಪೇಂಟಿಂಗ್‌ನವರ ಪೇಪರ್ ಟೇಪ್ ಅಂಟಿಸಿ, ಹೆಸರು, ವಾರ ಬರೆಯಿರಿ. ಟೇಪು ಮುಚ್ಚಳಕ್ಕೆ ಬೇಡ, ಮೈಗೆ ಹಚ್ಚಿ. ಮುಚ್ಚಳ ಅದಲುಬದಲಾಗುತ್ತದೆ.

ಬಾಗಿಲ ಕಡೆ ತಂಪು ಕಮ್ಮಿ, ಹಾಲು ಅಲ್ಲಿ ಬೇಡ. ಈರುಳ್ಳಿ, ಆಲೂಗಡ್ಡೆ ಬೇರೆ ಬೇರೆ ಬುಟ್ಟಿಯಲ್ಲಿರಲಿ. ಮಾಗಿದ ಬಾಳೆಹಣ್ಣು ಎಥಿಲೀನ್ ಅನ್ನುವ, ಮಾಗಿಸುವ ಅನಿಲ ಬಿಡುತ್ತದೆ, ಪಕ್ಕದ ಸೊಪ್ಪು ಬೇಗ ಹಳದಿಯಾಗುತ್ತದೆ.

ಒಂದು ಎಚ್ಚರಿಕೆ. ಮಿಕ್ಕ ಅನ್ನ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ರಾತ್ರಿಯೆಲ್ಲ ಹೊರಗಿದ್ದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ನಮ್ಮೆಲ್ಲರ ರೂಢಿ. ಆದರೆ ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿಸುವ ಹಟದಲ್ಲಿ ಹೊಟ್ಟೆ ಕೆಡಿಸಿಕೊಳ್ಳಬೇಡಿ.

ಸಂತೆ_ಚೀಲ:
ಟೇಪು ಎಷ್ಟು ದಿನ ನಡೆಯುತ್ತೋ ನೋಡೋಣ. ನನಗೆ ಅನುಮಾನ ಚೀಲದ ಮೇಲೆ. ಮೂರು ಕಟ್ಟು ಸೋವಿ ಸಿಕ್ಕಿತು ಅಂತ ತರುತ್ತೀವಿ, ಎರಡು ಕಸಕ್ಕೆ. ಗಾಡಿಯವರು ಸೊಪ್ಪಿಗೆ ನೀರು ಚಿಮುಕಿಸಿರುತ್ತಾರೆ. ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ನೀರು ಆರಲು ಬಿಟ್ಟು, ಬಟ್ಟೆಯಲ್ಲಿ ಸುತ್ತಿಡಿ. ಅಂದ ಹಾಗೆ, ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆಜಿ ಆಹಾರ ವ್ಯರ್ಥ ಅಂತ ವಿಶ್ವಸಂಸ್ಥೆಯ 2024ರ ವರದಿಯ ಅಂದಾಜು. ಅದರಲ್ಲಿ ಸಿಪ್ಪೆ, ಮೂಳೆಯೂ ಸೇರಿವೆ. ಹಾಗಾಗಿ ಬಕೆಟ್ಟಿನಲ್ಲಿರುವ ಬಾಳೆಸಿಪ್ಪೆಗೆಲ್ಲ ಕೊರಗಬೇಡಿ.

ಸಾರಿನ_ಸೌಟು:
ಮೂರು ವಾರ ಆಯಿತು. ಮೊದಲ ದಿನ ಅತ್ತೆ, "ನಾನು ಮಾಡಿದ ಗೊಜ್ಜಿಗೂ ಚೀಟಿನಾ?" ಅಂತ ಮುನಿಸಿಕೊಂಡರು. ಪೆನ್ನನ್ನು ಅವರ ಕೈಗೇ ಕೊಟ್ಟೆ. ಈಗ ವಾರದ ಹೆಸರಿನ ಜೊತೆ "ಸಂಜೆಗೆ ಖಾಲಿ ಮಾಡಿ" ಅಂತಲೂ ಬರೆಯುತ್ತಾರೆ. ನಮ್ಮವರು ಹೆದರಿ ತಿನ್ನುತ್ತಾರೆ. ಈ ವಾರ ಎಸೆದದ್ದು ಅರ್ಧ ಕಟ್ಟು ಸೊಪ್ಪು, ಒಂದು ಲೋಟ ಹಿಟ್ಟು. ಹಿಟ್ಟಿಗೆ ಇನ್ನೂ ದಾರಿ ಸಿಕ್ಕಿಲ್ಲ, ಬೇಸಿಗೆ ಬೇರೆ. ಆ ಮೂಲೆಯ ಡಬ್ಬಿಯಲ್ಲಿದ್ದದ್ದು ಬದನೆಕಾಯಿ ಪಲ್ಯವಂತೆ, ಅತ್ತೆಗೆ ನೆನಪಾಯಿತು.