1 ಲೀಟರ್ ಡಬ್ಬಕ್ಕೆ ತಗಡಿನ ಖರ್ಚು ಕಮ್ಮಿ ಆಗೋಕೆ ತ್ರಿಜ್ಯ ಎಷ್ಟಿರ್ಬೇಕು?

ಪಿಯು_ವಿದ್ಯಾರ್ಥಿನಿ:
ಮ್ಯಾಕ್ಸಿಮಾ ಮಿನಿಮಾ (ಅತಿ ಹೆಚ್ಚು, ಅತಿ ಕಮ್ಮಿ ಎಲ್ಲಿ ಅಂತ ಹುಡುಕೋ) ಲೆಕ್ಕ ಒಂದ್ರಲ್ಲಿ ಸಿಕ್ಕಾಕೊಂಡಿದೀನಿ. ಸಿಲಿಂಡರ್ ಡಬ್ಬ, 1000 ಘನ ಸೆಂಮೀ ಹಿಡೀಬೇಕು, ಸೈಡಿನ ತಗಡು ಚದರ ಸೆಂಮೀಗೆ 1 ಪೈಸೆ ಅಂದ್ರೆ ತಳ ಮತ್ತು ಮುಚ್ಚಳದ್ದು 2 ಪೈಸೆ. ಖರ್ಚಲ್ಲಿ ತ್ರಿಜ್ಯ, ಎತ್ತರ ಎರಡೂ ಬರ್ತಿದೆ, ಡಿಫರೆನ್ಷಿಯೇಟ್ ಮಾಡೋದು ಯಾವುದರ ಮೇಲೆ? ಬಂದಿದ್ದು ಮಿನಿಮಮ್ಮೇ ಅಂತ ಹೇಗೆ ಗೊತ್ತಾಗತ್ತೆ?

ಲೆಕ್ಕದ_ಮೇಷ್ಟ್ರು:
ಮೊದ್ಲು ಎತ್ತರನ ಓಡ್ಸಮ್ಮ. ತ್ರಿಜ್ಯ ಆರ್ ಅಂದ್ರೆ ಎತ್ತರ = 1000/(π ಆರ್²), ಸೈಡಿಗೆ 2π ಆರ್ × ಎತ್ತರ, ತಳ ಮುಚ್ಚಳಕ್ಕೆ 2 × 2π ಆರ್², ಎರಡನ್ನೂ ಕೂಡಿಸಿ ಈ ಎತ್ತರ ಹಾಕಿದ್ರೆ ಖರ್ಚು = 4π ಆರ್² + 2000/ಆರ್, ಈಗ ಇರೋದು ಒಂದೇ ವೇರಿಯಬಲ್. ಡೆರಿವೇಟಿವ್, ಅಂದ್ರೆ ಖರ್ಚಿನ ಗ್ರಾಫಿನ ಸ್ಲೋಪ್, 8π ಆರ್ − 2000/ಆರ್², ಮಿನಿಮಮ್ ಹತ್ರ ಇದು ಸೊನ್ನೆ, ಹಾಗಾಗಿ ಸೊನ್ನೆಗೆ ಸಮ ಮಾಡಿದ್ರೆ ಆರ್³ = 250/π, ಅಂದ್ರೆ ತ್ರಿಜ್ಯ ಸುಮಾರು 4.3 ಸೆಂಮೀ, ಎತ್ತರ 17.2. ಎತ್ತರ ತ್ರಿಜ್ಯದ ಸರಿಯಾಗಿ ನಾಲ್ಕು ಪಟ್ಟು ನೋಡು, ಎಲ್ಲಾ ತಗಡಿಗೂ ಒಂದೇ ರೇಟಾಗಿದ್ರೆ ಎರಡೇ ಪಟ್ಟು, ದುಬಾರಿ ತಗಡು ಉಳಿಸೋಕೆ ಡಬ್ಬ ತೆಳ್ಳಗೆ ಉದ್ದ ಆಗತ್ತೆ. ಸೆಕೆಂಡ್ ಡೆರಿವೇಟಿವ್ 8π + 4000/ಆರ್³ ಯಾವಾಗ್ಲೂ ಪಾಸಿಟಿವ್ವೇ, ಅಂದ್ರೆ ಸ್ಲೋಪ್ ಮೈನಸ್ಸಿಂದ ಪ್ಲಸ್ಸಿಗೆ ಏರ್ತಾ ಹೋಗತ್ತೆ, ಹಾಗಾಗಿ ಮಿನಿಮಮ್ಮೇ, ಅನುಮಾನ ಬೇಡ.

ತಗಡಿನ_ಕೆಲಸ:
ಮೇಷ್ಟ್ರು ಹೇಳಿದ್ದು ಸರಿ ಇದೆ, ಆದ್ರೆ ಶಾಪಲ್ಲಿ ದುಂಡು ತಳನ ಚೌಕ ಪೀಸಿಂದ ಕತ್ತರಿಸ್ತೀವಿ, ನಾಲ್ಕು ಮೂಲೆ ಗುಜರಿಗೆ ಹೋಗತ್ತೆ, ಅದಕ್ಕೂ ದುಡ್ಡು ಕೊಟ್ಟಿರ್ತೀವಲ್ಲ. ಎಲ್ಲಾ ತಗಡಿಗೂ ಒಂದೇ ರೇಟು ಇಟ್ಕೊಂಡು ಎರಡು ಪೂರ್ತಿ ಚೌಕದ ಲೆಕ್ಕ ಹಿಡಿದ್ರೆ ಖರ್ಚು 8 ಆರ್² + 2000/ಆರ್, ಆಗ ತ್ರಿಜ್ಯ ಕರೆಕ್ಟಾಗಿ 5, ಎತ್ತರ 12.7. ಇದನ್ನೂ ಒಂದ್ಸಲ ಮಾಡಿ ನೋಡಿ, ತುಂಬಾ ಚೆನ್ನಾಗಿದೆ.

ಪಿಯು_ವಿದ್ಯಾರ್ಥಿನಿ:
ಥ್ಯಾಂಕ್ಸ್ ಸರ್ ಇಬ್ರಿಗೂ! ನನ್ನ ಲೆಕ್ಕದಲ್ಲಿ 4.3 ಬದ್ಲು 5 ಹಾಕಿ ನೋಡ್ದೆ, 697 ಪೈಸೆ ಇದ್ದಿದ್ದು 714 ಆಯ್ತು ಅಷ್ಟೇ, ಇಷ್ಟು ಕಮ್ಮಿ ವ್ಯತ್ಯಾಸ ಯಾಕೆ?

ಲೆಕ್ಕದ_ಮೇಷ್ಟ್ರು:
ಮಿನಿಮಮ್ ಹತ್ರ ಸ್ಲೋಪ್ ಸೊನ್ನೆ ಅಲ್ವಾ, ಗ್ರಾಫ್ ಅಲ್ಲಿ ಚಪ್ಪಟೆ ಇರತ್ತೆ, ಅದಕ್ಕೇ.