ಅಲ್ಯೂಮಿನಿಯಂ ಪಿಕಪ್‌ಗೆ ಸಿಬಿ ರೇಡಿಯೊ: ಎಸ್‌ಡಬ್ಲ್ಯುಆರ್ 3ರಿಂದ ಕೆಳಗಿಳಿಯುತ್ತಿಲ್ಲ

ಟೆಕ್ಸಾಸ್_ಪಯಣಿಗ:
ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಕಡೆ ಇದ್ದೇನೆ. ಟ್ರೇಲರ್ ಎಳೆಯುವ ಪಿಕಪ್‌ಗೆ 40 ಚಾನೆಲ್‌ನ ಎಎಂ ಸಿಬಿ (ಸಿಟಿಜನ್ಸ್ ಬ್ಯಾಂಡ್, ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊ) ಕೂರಿಸಿದ್ದೇನೆ. ಬಾಡಿ ಅಲ್ಯೂಮಿನಿಯಂ, ಮ್ಯಾಗ್ನೆಟ್ ಮೌಂಟ್ ಕಚ್ಚುವುದೇ ಇಲ್ಲ. ಅದಕ್ಕೆ ಹಿಂದಿನ ಬೆಡ್‌ನಲ್ಲಿರುವ ಟೂಲ್‌ಬಾಕ್ಸ್‌ಗೆ ಬ್ರಾಕೆಟ್ ಬಿಗಿದು 4 ಅಡಿಯ ಫೈಬರ್‌ಗ್ಲಾಸ್ ಆಂಟೆನಾ ಹಾಕಿದೆ. ಕೇಬಲ್ 18 ಅಡಿ, ಆರ್‌ಜಿ-8ಎಕ್ಸ್. ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತಿದೆ ಅನ್ನುವ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ಮೀಟರ್ ಹಾಕಿ ನೋಡಿದರೆ 1, 20, 40 ಮೂರೂ ಚಾನೆಲ್‌ನಲ್ಲಿ ಮುಳ್ಳು 3 ದಾಟುತ್ತದೆ. ತುದಿಯ ಸ್ಕ್ರೂ ಎಷ್ಟು ತಿರುಗಿಸಿದರೂ ಜಗ್ಗುವುದಿಲ್ಲ. ಸಾಲದ್ದಕ್ಕೆ ಎಂಜಿನ್ ಚಾಲೂ ಆದರೆ ಕುಂಯ್ ಅನ್ನುವ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತದೆ. ಕರೆಂಟ್ ತೆಗೆದುಕೊಂಡಿರುವುದು ಸಿಗರೇಟ್ ಲೈಟರ್ ಸಾಕೆಟ್‌ನಿಂದ. ಎಲ್ಲಿಂದ ಶುರು ಮಾಡಲಿ?

ಹನ್ನೊಂದು_ಮೀಟರ್:
ಮೊದಲು ಮೈಕ್ ಕೀ ಒತ್ತುವುದನ್ನು ನಿಲ್ಲಿಸಿ. ಎಸ್‌ಡಬ್ಲ್ಯುಆರ್ 3 ದಾಟಿರುವಾಗ ಮಾತಾಡುತ್ತಾ ಹೋದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಮೂರೂ ಚಾನೆಲ್‌ನಲ್ಲಿ ಒಂದೇ ಸಮ 3ರ ಮೇಲಿದ್ದರೆ ಅದು ಆಂಟೆನಾ ಉದ್ದದ ತಕರಾರಲ್ಲ. ಒಂದೋ ಬ್ರಾಕೆಟ್‌ಗೆ ಗ್ರೌಂಡ್ (ಗಾಡಿಯ ಲೋಹದ ಜೊತೆ ವಿದ್ಯುತ್ ಸಂಪರ್ಕ) ಇಲ್ಲ, ಇಲ್ಲವೇ ಒಳತಂತಿ ಎಲ್ಲೋ ಬಾಡಿಗೆ ತಾಗುತ್ತಿದೆ. ಮಲ್ಟಿಮೀಟರ್ ತನ್ನಿ, ಕೇಬಲ್ಲನ್ನು ರೇಡಿಯೊದಿಂದ ಬಿಚ್ಚಿ, ಆಂಟೆನಾ ಕಳಚಿಡಿ. ಬ್ರಾಕೆಟ್‌ಗೂ ಗಾಡಿಯ ಫ್ರೇಮ್‌ಗೂ ನಡುವೆ ಅಳೆದರೆ 1 ಓಮ್‌ಗಿಂತ ಕಡಿಮೆ ಬರಬೇಕು. ಕೇಬಲ್ ತುದಿಯ ಪಿಎಲ್-259 ಕನೆಕ್ಟರ್‌ನ ನಡುವಿನ ಪಿನ್‌ಗೂ ಹೊರ ಕವಚಕ್ಕೂ ನಡುವೆ ಸಂಪರ್ಕವೇ ಇರಬಾರದು.

ಎರಡನೆಯದರಲ್ಲಿ ಮೀಟರ್ ಬೀಪ್ ಅಂದರೆ ಬ್ರಾಕೆಟ್‌ನ ಸ್ಟಡ್ ಬಿಚ್ಚಿ ನೋಡಿ. ಅಲ್ಲಿ ಒಂದು ಬಿಳಿ ನೈಲಾನ್ ವಾಷರ್ ಇರುತ್ತದೆ, ಅದರ ಮಧ್ಯದಲ್ಲಿ ಸಣ್ಣ ಕಂಠ. ಆ ಕಂಠ ಬ್ರಾಕೆಟ್‌ನ ತೂತಿನೊಳಗೆ ಸರಿಯಾಗಿ ಕೂರಬೇಕು. ತಿರುಗುಮುರುಗಾಗಿ ಕೂತರೆ ಸ್ಟಡ್ ನೇರ ಕಬ್ಬಿಣಕ್ಕೆ ತಾಗಿ ಶಾರ್ಟ್ ಆಗುತ್ತದೆ. ಹೊಸದಾಗಿ ಹಾಕುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲನೆಯದು ಕೆಟ್ಟಿದ್ದರೆ ಟೂಲ್‌ಬಾಕ್ಸ್ ಕೆಳಗೆ ಕೈ ಹಾಕಿ. ಪೌಡರ್ ಕೋಟಿಂಗ್, ರಬ್ಬರ್ ಮ್ಯಾಟ್, ಪ್ಲಾಸ್ಟಿಕ್ ಬೆಡ್‌ಲೈನರ್ ಇವು ಅದನ್ನು ಬಾಡಿಯಿಂದ ಪೂರ್ತಿ ಬೇರೆ ಮಾಡಿಬಿಟ್ಟಿರುತ್ತವೆ. ಅಲ್ಯೂಮಿನಿಯಂ ಬಗ್ಗೆ ಚಿಂತೆ ಬೇಡ. 2015ರಿಂದ ಫೋರ್ಡ್ ಎಫ್-150 ಬಾಡಿಯೂ ಅಲ್ಯೂಮಿನಿಯಂದೇ. ಅದಕ್ಕೆ ಮ್ಯಾಗ್ನೆಟ್ ಹಿಡಿಯದು ಅಷ್ಟೇ, ಗ್ರೌಂಡ್ ಪ್ಲೇನ್ (ಆಂಟೆನಾಗೆ ಜೋಡಿಯಾಗಿ ಕೆಲಸ ಮಾಡುವ ಲೋಹದ ಹಾಸು) ಆಗಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅರ್ಧ ಇಂಚು ಅಗಲದ, ತವರ ಲೇಪಿಸಿದ ತಾಮ್ರದ ಹೆಣೆದ ಪಟ್ಟಿ ತಂದು ಬ್ರಾಕೆಟ್‌ನಿಂದ ಫ್ರೇಮ್‌ಗೆ ಎಳೆಯಿರಿ. ಎರಡೂ ತುದಿಯಲ್ಲಿ ಬಣ್ಣ ಕೆರೆದು, ಸ್ಟಾರ್ ವಾಷರ್ ಇಟ್ಟು, ಸ್ಟೇನ್‌ಲೆಸ್ ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಸವರಿ. ಬರಿ ತಾಮ್ರ ಅಲ್ಯೂಮಿನಿಯಂಗೆ ತಾಗಿದರೆ ಮಳೆನೀರಿಗೆ ಬೇಗ ತಿಂದುಹೋಗುತ್ತದೆ. ಪಟ್ಟಿ ಆದಷ್ಟು ಗಿಡ್ಡವಾಗಿರಲಿ. ಮಾರುದ್ದದ ಸಣ್ಣ ವೈರ್ ಮಲ್ಟಿಮೀಟರ್‌ಗೆ ಗ್ರೌಂಡ್ ಅನ್ನಿಸಬಹುದು, ಆದರೆ ಸಿಬಿಯ 27 ಮೆಗಾಹರ್ಟ್ಸ್‌ನಲ್ಲಿ ಅದು ಕಾಯಿಲ್‌ನಂತೆ ಅಡ್ಡ ನಿಲ್ಲುತ್ತದೆ.

ಬ್ಯಾಟರಿ_ಟು_ಬ್ಯಾಟರಿ:
ಕುಂಯ್ ಸದ್ದಿಗೆ ಬರುತ್ತೇನೆ. ಎಂಜಿನ್ ಓಡುತ್ತಿರುವಾಗ ಆಂಟೆನಾ ಕೇಬಲ್ ಬಿಚ್ಚಿ, ಬರೀ ಕೇಳಿ (ಕೀ ಒತ್ತಬೇಡಿ). ಸದ್ದು ಉಳಿದರೆ ಕರೆಂಟ್ ವೈರ್‌ನಿಂದ ಬರುತ್ತಿದೆ, ಹೋದರೆ ಆಂಟೆನಾದಿಂದ. ಆಕ್ಸಿಲರೇಟರ್ ಜೊತೆ ಏರುವುದು ಹೆಚ್ಚಾಗಿ ಆಲ್ಟರ್ನೇಟರ್ ಸದ್ದು, ಲೈಟರ್ ಸಾಕೆಟ್‌ನಿಂದ ಬಂದಿದ್ದರೆ ಆಶ್ಚರ್ಯವಿಲ್ಲ.

14 ಗೇಜ್ ವೈರನ್ನು ನೇರ ಬ್ಯಾಟರಿ ಪಾಸಿಟಿವ್‌ನಿಂದ ಎಳೆಯಿರಿ. 4 ವಾಟ್ ಎಎಂ ಸೆಟ್ ಮಾತಾಡುವಾಗಲೂ 2 ಆಂಪಿಯರ್ ಆಸುಪಾಸು ಎಳೆಯುತ್ತದೆ ಅಷ್ಟೇ, 5 ಆಂಪಿಯರ್ ಫ್ಯೂಸ್ ಬೇಕಾದಷ್ಟಾಯಿತು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಅದನ್ನು ರೇಡಿಯೊ ಹತ್ತಿರ ಇಟ್ಟರೆ ಮಧ್ಯೆ ವೈರ್ ಸವೆದು ಬಾಡಿಗೆ ತಾಗಿದ ದಿನ ಬೆಂಕಿ ಹತ್ತುತ್ತದೆ. ಎಂಜಿನ್ ಗೋಡೆ ದಾಟುವ ಕಡೆ ರಬ್ಬರ್ ಗ್ರಾಮೆಟ್ ಹಾಕಲೇಬೇಕು. ನೆಗೆಟಿವ್ ವೈರನ್ನು ಬ್ಯಾಟರಿ ತಲೆಗೆ ಕಟ್ಟಬೇಡಿ. ಈಗಿನ ಎಷ್ಟೋ ಗಾಡಿಗಳಲ್ಲಿ ಅಲ್ಲೇ ಕರೆಂಟ್ ಸೆನ್ಸರ್ ಕೂತಿರುತ್ತದೆ, ಅದನ್ನು ತಪ್ಪಿಸಿದರೆ ಚಾರ್ಜಿಂಗ್ ಲೆಕ್ಕ ಹಾಳಾಗುತ್ತದೆ. ಬ್ಯಾಟರಿ ನೆಗೆಟಿವ್ ಕೇಬಲ್ ಬಾಡಿಗೆ ಸೇರುವ ಬೋಲ್ಟ್‌ಗೇ ಕಟ್ಟಿ. ಫೋನ್ ಚಾರ್ಜರ್, ಎಲ್ಇಡಿ ಲೈಟ್‌ಗಳನ್ನೂ ಒಂದೊಂದಾಗಿ ಆರಿಸಿ ನೋಡಿ, ಅವೂ ಕಡಿಮೆ ಗಲಾಟೆ ಮಾಡುವುದಿಲ್ಲ.

ಟೆಕ್ಸಾಸ್_ಪಯಣಿಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಾಕ್ಸ್ ಕೆಳಗೆ ರಬ್ಬರ್ ಮ್ಯಾಟೇ ಇತ್ತು! ಪಟ್ಟಿ ಹಾಕಿದ ಮೇಲೆ ಚಾನೆಲ್ 1ರಲ್ಲಿ 1.6, 20ರಲ್ಲಿ 1.9, 40ರಲ್ಲಿ 2.4. ವೈರ್ ಬದಲಿಸಿದ ಮೇಲೆ ಕುಂಯ್ ನಿಂತಿದೆ. ಇನ್ನೊಂದು ಕೇಳಬೇಕಿತ್ತು: ಊರಿಗೆ ಬರುವಾಗ ಇಂಥದ್ದೇ ಒಂದು ಸೆಟ್ ತಂದು ಹಾಸನದಲ್ಲಿ ಅಣ್ಣನ ಜೀಪಿಗೆ ಹಾಕಬಹುದೇ?

ಹನ್ನೊಂದು_ಮೀಟರ್:
40ರಲ್ಲಿ ಹೆಚ್ಚು, 1ರಲ್ಲಿ ಕಡಿಮೆ ಅಂದರೆ ಆಂಟೆನಾ ಉದ್ದವಾಗಿದೆ. ತುದಿಯ ಸ್ಕ್ರೂ ಒಂದೆರಡು ಸುತ್ತು ಒಳಗೆ ತಿರುಗಿಸಿ ಮತ್ತೆ ಅಳೆಯಿರಿ. 1 ಮತ್ತು 40 ಸರಿಸುಮಾರು ಸಮನಾಗಿ, ಎರಡೂ 2ರ ಒಳಗೆ ಬಂದರೆ ಬಿಟ್ಟುಬಿಡಿ. ಬಯಲಲ್ಲಿ ಗಾಡಿ ನಿಲ್ಲಿಸಿ, ಬಾಗಿಲೆಲ್ಲ ಮುಚ್ಚಿ, ಒಳಗೆ ಕೂತೇ ಅಳೆಯಬೇಕು. ಗ್ಯಾರೇಜಿನಲ್ಲಿ ತೆಗೆದ ಲೆಕ್ಕ ನಂಬಬೇಡಿ. ಪ್ರತಿ ಚಾನೆಲ್‌ಗೂ ಮೀಟರಿನ ಮುಳ್ಳನ್ನು ಹೊಸದಾಗಿ ಅದರ ‘ಸೆಟ್’ ಗುರುತಿಗೆ ತಂದುಕೊಳ್ಳಿ. ಮಿಕ್ಕ ಕೇಬಲ್ಲನ್ನು ಬಿಗಿಯಾಗಿ ಸುತ್ತಿಡದೆ ಸೀಟಿನ ಕೆಳಗೆ ಸಡಿಲವಾಗಿ ಹರಡಿ.

ಸ್ಕ್ವೆಲ್ಚ್ (ಯಾರೂ ಮಾತಾಡದಾಗಿನ ಸದ್ದು ಅಡಗಿಸುವ ಗುಂಡಿ) ಸುಯ್ ಸದ್ದು ಸತ್ತ ಕಡೆಗೇ ನಿಲ್ಲಿಸಿ. ಇನ್ನೂ ತಿರುಗಿಸಿದರೆ ದೂರದವರ ದನಿಯೂ ಸಾಯುತ್ತದೆ. ಮೈಕ್ ಬಾಯಿಂದ ಎರಡಿಂಚು ದೂರ, ಸ್ವಲ್ಪ ಓರೆಯಾಗಿ. ಲಾರಿಯವರು ಸಿಗುವುದು 19ರಲ್ಲಿ. 9 ತುರ್ತಿಗೆ ಮತ್ತು ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಮೀಸಲು, ಅಲ್ಲಿ ಹರಟೆ ಬೇಡ.

ಬ್ಯಾಟರಿ_ಟು_ಬ್ಯಾಟರಿ:
ಹಾಸನದ ವಿಚಾರ: ತರಬೇಡಿ. ಭಾರತದಲ್ಲಿ 2005ರ ನಿಯಮದಂತೆ ಲೈಸೆನ್ಸ್ ಇಲ್ಲದೆ ಬಳಸಬಹುದಾದ್ದು 26.957ರಿಂದ 27.283 ಮೆಗಾಹರ್ಟ್ಸ್, 5 ವಾಟ್ ಒಳಗೆ. ಅಮೆರಿಕದ ಸೆಟ್ 27.405ರವರೆಗೆ ಹೋಗುತ್ತದೆ. ಅದರ ಚಾನೆಲ್ 28 ಇರುವುದು 27.285ರಲ್ಲಿ, ಅಂದರೆ 28ರಿಂದ 40ರವರೆಗೆ ಒತ್ತಿದರೆ ಇಲ್ಲಿ ಕಾನೂನಿನ ಹೊರಗೆ. ಸೆಟ್‌ಗೆ ಇಲ್ಲಿನ ಮಂಜೂರಾತಿಯೂ ಬೇಕು, ಕಸ್ಟಮ್ಸ್‌ನಲ್ಲೇ ಹಿಡಿದಿಟ್ಟುಕೊಳ್ಳಬಹುದು. ಇಷ್ಟೆಲ್ಲ ದಾಟಿ ಜೀಪಿಗೆ ಹಾಕಿದರೂ ನಮ್ಮ ಲಾರಿಗಳಲ್ಲಿ ಸಿಬಿ ಇಲ್ಲ, ಆ ಕಡೆಯಿಂದ ಉತ್ತರಿಸುವವರು ಯಾರು? ಅಣ್ಣನಿಗೆ ನಿಜವಾಗಿ ಆಸೆಯಿದ್ದರೆ ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆ ಬರೆಯಲಿ. ಆ ಲೈಸೆನ್ಸ್ ಇದ್ದರೆ ಮಾತಿಗೆ ಜನವೂ ಸಿಗುತ್ತಾರೆ.